ರಿವರ್ಸ್ ಗೇರೂ ನನ್ನ ಹೊಸ ಚಪ್ಪಲಿಯೂ

ಕಲಿಸುವವರು ಕಲಿಯುವವರಿಗಿಂತ ವಯಸ್ಸಿನಲ್ಲಿ ದೊಡ್ಡವರೇ ಆಗಿರಬೇಕು ಎಂದು ಯಾರಾದರೂ ಕಾನೂನು ತಂದರೆ ನನ್ನ ಓಟು ಅವರಿಗೇ. ನಾನು ಓದಿರುವುದು ನಾಲ್ಕನೇ ಕ್ಲಾಸು. ಆದರೆ ಊರಲ್ಲಿ ಅರ್ಧ ಜನಕ್ಕೆ ಬುದ್ಧಿ ಕಲಿಸಿದವಳು, ಅಂದರೆ ಬೈದವಳು. ನನ್ನ ಲೆಕ್ಕದಲ್ಲಿ ಎರಡೂ ಒಂದೇ. ಸೊಸೆ ಸವಿತ ಮದುವೆಯಾಗಿ ಬಂದಾಗ ರೇಷ್ಮೆಹುಳಕ್ಕೆ ಸೊಪ್ಪು ಹಾಕಲೂ ಬರುತ್ತಿರಲಿಲ್ಲ. ಚಪ್ಪಲಿ ಕಾಲಲ್ಲೇ ಹುಳದ ಮನೆಗೆ ನುಗ್ಗಿದ್ದಳು. ಹುಳಕ್ಕೆ ರೋಗ ತಗುಲಿದರೆ ಬೆಳೆ ಪೂರ್ತಿ ತಿಪ್ಪೆಗೆ. ಹದಿನೈದೇ ದಿನದಲ್ಲಿ ಅವಳನ್ನು ತಿದ್ದಿದೆ. ಹೇಗೆ ತಿದ್ದಿದೆ ಎಂದು ಅವಳನ್ನು ಕೇಳಬೇಡಿ. ಅಂಥ ನನ್ನನ್ನು ಅದೇ ಸೊಸೆ ಕಾರಿನಲ್ಲಿ ಕೂರಿಸಿ, “ಅತ್ತೆ, ಕ್ಲಚ್ಚು ನಿಧಾನಕ್ಕೆ ಬುಡಿ” ಅನ್ನುವ ಕಾಲ ಬಂತಲ್ಲ!

ಆರು ವರ್ಷದಿಂದ ನಮ್ಮ ರೇಷ್ಮೆಗೂಡು ತುಂಬಿದ ಟೆಂಪೊವನ್ನು ರಾಮನಗರದ ಮಾರುಕಟ್ಟೆಗೆ ಓಡಿಸುತ್ತಿರುವವಳು ಸವಿತಳೇ. ಓಡಿಸಬೇಕಾಗಿದ್ದವನು ನನ್ನ ಮಗ. ಅವನು ಸ್ಟೇರಿಂಗ್ ಹಿಡಿದ ಕೈಯಲ್ಲೇ ಮೊಬೈಲೂ ಹಿಡಿಯುವ ಗಿರಾಕಿ. ಎರಡು ಸಲ ಹಿಪ್ಪುನೇರಳೆ ತೋಟಕ್ಕೆ ನುಗ್ಗಿಸಿದ ಮೇಲೆ ಕೀಲಿ ಕಿತ್ತುಕೊಂಡು ಸೊಸೆಯ ಕೈಗೆ ಹಾಕಿದವಳು ನಾನು. ಮುಂದೆ ಆಗಿದ್ದಕ್ಕೆಲ್ಲ ನಾನೇ ಕಾರಣ ಎಂದು ಇದರಿಂದ ಯಾರೂ ತಿಳಿಯಬಾರದು.

ಚನ್ನಪಟ್ಟಣದ ಡ್ರೈವಿಂಗ್ ಸ್ಕೂಲೊಂದಕ್ಕೆ ಹೆಂಗಸರಿಗೆ ಕಲಿಸಲು ಹೆಣ್ಣು ಮೇಷ್ಟ್ರೇ ಬೇಕಾಗಿತ್ತು. ಹತ್ತನೇ ಕ್ಲಾಸು ಪಾಸಾಗಿರಬೇಕು, ಐದು ವರ್ಷ ಗಾಡಿ ಓಡಿಸಿರಬೇಕು, ಎಂಜಿನ್ನಿನ ವಿಷಯ ಓದಿ ಸರ್ಟಿಫಿಕೇಟು ತರಬೇಕು. ಸವಿತ ಎಲ್ಲ ತಂದಳು. ಒಲೆ ಮುಂದೆ ಪುಸ್ತಕ ಹಿಡಿದು ಮೂರು ಸಲ ಸಾರು ಸೀಯಿಸಿದ್ದನ್ನು ನಾನು ಮರೆತಿಲ್ಲ. ಇಷ್ಟಾದರೂ ಸ್ಕೂಲಿನ ಮಾಲೀಕರಾದ ಸಾಬರು ಒಪ್ಪಲಿಲ್ಲ. “ನೋಡಮ್ಮ, ಓಡಿಸೋದು ಬೇರೆ, ಕಲಿಸೋದು ಬೇರೆ. ಸ್ಟೇರಿಂಗೇ ಮುಟ್ಟದವರು ಒಬ್ರನ್ನ ಒಂದು ತಿಂಗಳಲ್ಲಿ ತಯಾರು ಮಾಡಿ ತೋರ್ಸು, ಕೆಲಸ ನಿಂದು. ಇಲ್ದಿದ್ರೆ ಇನ್ನೊಬ್ಬಳು ಕಾಯ್ತಾ ಇದಾಳೆ” ಎಂದರಂತೆ.

ಅಂಥ ಹೆಂಗಸಿಗಾಗಿ ಸವಿತ ಊರೆಲ್ಲ ಹುಡುಕಿದಳು. ಒಬ್ಬಳಿಗೆ ಸ್ಕೂಟರ್ ಬರುತ್ತದೆ, ಇನ್ನೊಬ್ಬಳಿಗೆ ಟ್ರ್ಯಾಕ್ಟರೇ ಬರುತ್ತದೆ. ಕೊನೆಗೆ ಮನೆಗೆ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಅತ್ತೆ, ಏನೂ ಬರ್ದೇ ಇರೋರು ಬೇಕಾಗಿತ್ತು. ನೀವೇ ಸರಿ” ಎಂದಳು. ಇಂಥ ಮಾತನ್ನು ನನ್ನ ಅತ್ತೆಗೆ ನಾನು ಅಂದಿದ್ದರೆ ಇವತ್ತು ಬರೆಯಲು ನನಗೆ ಕೈ ಇರುತ್ತಿರಲಿಲ್ಲ.

ಡಾಕ್ಟರಿಂದ ಕಾಗದ ತಂದದ್ದಾಯಿತು, ಕಲಿಯುವವರ ಲೈಸೆನ್ಸು ಎಲ್ಎಲ್ಆರ್ ಮಾಡಿಸಿದ್ದಾಯಿತು. ದಿನಾ ಬೆಳಿಗ್ಗೆ ಸಂತೆ ಮಾಳದಲ್ಲಿ ಪಾಠ. ಸ್ಕೂಲಿನ ಕಾರಿನಲ್ಲಿ ಮೇಷ್ಟ್ರ ಕಾಲಡಿಗೂ ಒಂದು ಬ್ರೇಕು ಇರುತ್ತದೆ. ನನ್ನ ಕೈಗೆ ಸೌಟು ಕೊಟ್ಟು ಪಕ್ಕದಲ್ಲಿ ಇನ್ನೊಂದು ಸೌಟು ಹಿಡಿದು ಕೂತರೆ ಯಾರಿಗೆ ಅಡುಗೆ ಮಾಡುವ ಮನಸ್ಸು ಬರುತ್ತದೆ? ಅದೂ ಹೋಗಲಿ, ಒಂದು ದಿನವೂ ಸವಿತ ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ. ಬೇವಿನ ಮರಕ್ಕೆ ಗುದ್ದಲು ಹೋದಾಗಲೂ “ಪರ್ವಾಗಿಲ್ಲ ಅತ್ತೆ, ಇನ್ನೊಂದ್ಸಲ” ಅನ್ನುತ್ತಾಳೆ. ಎಂಥ ಅಹಂಕಾರ!

ಮುಂದಕ್ಕೆ ಓಡಿಸುವುದು ಬಂತು. ಹಿಂದಕ್ಕೆ ಮಾತ್ರ ಬರಲಿಲ್ಲ. ರಿವರ್ಸ್ ಹಾಕಿದರೆ ಕಾರು ಒಂದು ಕಡೆ, ನನ್ನ ಕತ್ತು ಇನ್ನೊಂದು ಕಡೆ. ಇನ್ನೊಂದು ತಕರಾರು ಚಪ್ಪಲಿಯದು. ಹುಳದ ಮನೆ ಬಾಗಿಲಲ್ಲಿ ಚಪ್ಪಲಿ ಬಿಟ್ಟೂ ಬಿಟ್ಟೂ, ಯಾವ ಬಾಗಿಲು ತೆರೆದರೂ ನನ್ನ ಕಾಲು ತಾನಾಗಿ ಚಪ್ಪಲಿ ಕಳಚುತ್ತದೆ. ಕಾರಿನದೂ ಬಾಗಿಲೇ ತಾನೆ? ದಿನಾ ಚಪ್ಪಲಿಯನ್ನು ಮಾಳದಲ್ಲೇ ಬಿಟ್ಟು ಹತ್ತುತ್ತಿದ್ದೆ.

ತಿಂಗಳು ಮುಗಿದು, ಸಾಬರ ಪರೀಕ್ಷೆಯ ದಿನಕ್ಕೆಂದು ಹೊಸ ಚಪ್ಪಲಿ ಹಾಕಿಕೊಂಡು ಹೋಗಿ, ಅದನ್ನೂ ಬಿಟ್ಟು ಹತ್ತಿದೆ. ಪಕ್ಕದಲ್ಲಿ ಸವಿತ, ಹಿಂದಿನ ಸೀಟಿನಲ್ಲಿ ಸಾಬರು. ಮಾಳಕ್ಕೆ ಒಂದು ಸುತ್ತು ಬಂದು, ಹೊರಟ ಜಾಗ ದಾಟಿ ಮುಂದೆ ಹೋಗಿ ನಿಲ್ಲಿಸಿದೆ.

“ಶಭಾಶ್ ಅಮ್ಮಾ. ಈಗ ಹೊರಟ ಜಾಗಕ್ಕೇ ಹಿಂದಕ್ಕೆ ತಗೊಳ್ಳಿ” ಎಂದರು ಸಾಬರು.

“ಅದೊಂದ್ ಬ್ಯಾಡಿ. ಬೇಕಾದ್ರೆ ಇನ್ನೊಂದು ಸುತ್ತು ಹೊಡ್ದು ಬತ್ತೀನಿ” ಎಂದೆ.

ಸಾಬರು ಗಡಿಯಾರ ನೋಡಿಕೊಂಡರು. ಸವಿತ ತೊಡೆಯ ಮೇಲಿದ್ದ ಸರ್ಟಿಫಿಕೇಟಿನ ಫೈಲನ್ನು ಎದೆಗೆ ಅವುಚಿಕೊಂಡಳು. ಸೀದ ಸಾರೆಲ್ಲ ನನ್ನ ಕಣ್ಣ ಮುಂದೆ ಬಂತು. ಅಷ್ಟರಲ್ಲಿ ಅವಳು ಮೆಲ್ಲಗೆ ಕೇಳಿದಳು, “ಅತ್ತೆ, ಬಲಗಡೆ ಕನ್ನಡೀಲಿ ನಿಮ್ ಚಪ್ಲಿ ಕಾಣ್ತದಾ?”

“ಕಾಣ್ದೆ ಏನು? ಅಯ್ಯೋ, ನಾಯಿ ಮೂಸ್ತಾ ಐತೆ ಕಣಮ್ಮಿ!”

“ಮೂಸ್ಲಿ. ನೀವು ಚಪ್ಲಿ ಮೇಲೇ ಕಣ್ಣಿಡಿ. ರಿವರ್ಸ್ ಹಾಕಿ. ಕ್ಲಚ್ಚು ನಿಧಾನಕ್ಕೆ ಬುಡಿ.”

“ಹಚಾ! ಬುಡೋ ಅದನ್ನ!” ಎಂದು ನಾಯಿಯನ್ನು ಗದರಿಸುತ್ತಲೇ ಕ್ಲಚ್ಚು ಬಿಟ್ಟೆ. ಕಾರು ದಾರ ಎಳೆದಂತೆ ನೆಟ್ಟಗೆ ಹಿಂದಕ್ಕೆ ಹೋಗಿ, ಚಪ್ಪಲಿಗೆ ಒಂದು ಗೇಣು ಇರುವಾಗ ನಿಂತಿತು. ಸವಿತ ತನ್ನ ಬ್ರೇಕು ಮುಟ್ಟಲೇ ಇಲ್ಲ, ನಾನು ನೋಡಿದ್ದೇನೆ. ಸಾಬರು ಇಳಿದು, “ನಾಳೆಯಿಂದ ಕೆಲಸಕ್ಕೆ ಬಂದ್ಬಿಡು ಮಗಳೇ, ಎಷ್ಟು ಚೆನ್ನಾಗಿ ಕಲಿಸಿದೀಯ!” ಎಂದು ಅವಳನ್ನು ಹೊಗಳಿದರು. ಓಡಿಸಿದವಳು ನಾನು! ಎಂಜಲಾದದ್ದು ನನ್ನ ಚಪ್ಪಲಿ! ನನಗೊಂದು ಮಾತಿಲ್ಲ.

ಈಗ ಅವಳ ಶಿಷ್ಯೆಯರೆಲ್ಲ ಚಪ್ಪಲಿಯನ್ನು ಹಿಂದೆ ಬಿಟ್ಟು ಬರಿಗಾಲಲ್ಲಿ ರಿವರ್ಸ್ ಕಲಿಯುತ್ತಾರಂತೆ. “ಸವಿತಾ ಮೇಡಮ್ಮಿನ ಉಪಾಯ” ಎಂದು ಹೆಸರಾಗಿದೆಯಂತೆ. ಕೇಳಿ ನನಗೆ ಮೈಯೆಲ್ಲ ಉರಿಯಿತು. ನಾಲ್ಕು ಜನರ ಮುಂದೆಯೇ ಕೇಳಿಬಿಡಬೇಕು ಎಂದು ಮೊನ್ನೆ ಚನ್ನಪಟ್ಟಣದ ಬಸ್ಸು ಹತ್ತಿದೆ. ಕಿಟಕಿ ಪಕ್ಕ ಸೀಟು ಹಿಡಿದು, ಅನ್ನಬೇಕಾದ ಮಾತುಗಳನ್ನೆಲ್ಲ ಜೋಡಿಸಿಕೊಳ್ಳುತ್ತಾ ಕಾಲು ಚಾಚಿದರೆ, ಬರಿಗಾಲು.

“ಡ್ರೈವರಪ್ಪಾ, ನಿಲ್ಸು! ಒಸಿ ರಿವರ್ಸ್ ತಗೋ, ಚಪ್ಲಿ ಸ್ಟಾಪಲ್ಲೇ ಐತೆ!”

ಇಡೀ ಬಸ್ಸು ತಿರುಗಿ ನೋಡಿತು. “ಬಸ್ಸಲ್ಲಿ ಅಂಗೆಲ್ಲ ಆಗಲ್ಲ ಕಣಜ್ಜಿ” ಎಂದ ಡ್ರೈವರು.

“ಆಗಲ್ಲ ಅಂದ್ರೇನ್ಲಾ? ಎಡಗಡೆ ಕನ್ನಡಿ ನೋಡ್ಕೊ. ಚಪ್ಲಿ ಮೇಲೇ ಕಣ್ಣಿಡು. ಕ್ಲಚ್ಚು ನಿಧಾನಕ್ಕೆ ಬುಡು. ಪರ್ವಾಗಿಲ್ಲ, ಬತ್ತದೆ” ಎಂದೆ.

ಅಂದ ಮೇಲೆ ಕಿಟಕಿಯಾಚೆ ನೋಡುತ್ತಾ ಕೂತೆ. “ಪರ್ವಾಗಿಲ್ಲ” ಎಂಬ ಮಾತನ್ನು ನಾನು ಹುಟ್ಟಿದಾಗಿನಿಂದ ಯಾರಿಗೂ ಅಂದವಳಲ್ಲ. ಚನ್ನಪಟ್ಟಣದಲ್ಲಿ ಇಳಿದು, ಸುಡುವ ಟಾರಿನ ಮೇಲೆ ಕುಣಿಯುತ್ತಾ ಸ್ಕೂಲಿಗೆ ಹೋದೆ. ಸವಿತ ನನ್ನ ಕಾಲು ನೋಡಿದಳು, ತನ್ನ ಚಪ್ಪಲಿ ಕಳಚಿ ಮುಂದಿಟ್ಟಳು. ಮೆಟ್ಟಿಕೊಂಡು, ಜೋಡಿಸಿಟ್ಟುಕೊಂಡಿದ್ದ ಮಾತುಗಳ ಸಮೇತ ಮುಂದಿನ ಬಸ್ಸಿಗೆ ವಾಪಸ್ಸು ಬಂದೆ. ಈ ಸಲ ಕಾಲಲ್ಲಿಟ್ಟುಕೊಂಡೇ ಹತ್ತಿದೆ. ಆದರೆ ಒಂದು ಸೈಜು ಚಿಕ್ಕದು, ದಾರಿಯುದ್ದಕ್ಕೂ ಕಚ್ಚಿತು.