ಷಡ್ಡಕನ ಸ್ಪ್ಯಾನರ್, ನನ್ನ ಪಿಕಪ್

ಆ ಭಾನುವಾರ ಬೆಳಿಗ್ಗೆ ನಾನು ಘೋಷಿಸಿಬಿಟ್ಟೆ: "ಇನ್ಮೇಲೆ ನಮ್ಮ ಪಿಕಪ್ಪನ್ನ ಯಾವ ಮೆಕ್ಯಾನಿಕ್ಕೂ ಮುಟ್ಟೋ ಹಾಗಿಲ್ಲ! ಅದರ ಆಯಿಲ್ ನಾನೇ ಬದಲಾಯಿಸ್ತೀನಿ. ಈ ಕೈಗಳಿಂದ!"

ಹೆಂಡತಿ ನನ್ನ ಕೈಗಳನ್ನು ನೋಡಿದಳು. ಹಿಂದಿನ ವಾರವಷ್ಟೇ ಅವು ಬಿಸ್ಕತ್ತಿನ ಡಬ್ಬಿಯ ಮುಚ್ಚಳದ ಮುಂದೆ ಸೋತು ಶರಣಾಗಿದ್ದವು. ಪಾಪ, ಆ ವಿಷಯ ಅವಳು ಎತ್ತಲಿಲ್ಲ.

ನಿಜ ಹೇಳಿಬಿಡುತ್ತೇನೆ. ನನ್ನ ಈ ಆವೇಶಕ್ಕೆ ಕಾರಣ ಪಿಕಪ್ಪಿನ ಮೇಲಿನ ಪ್ರೀತಿಯಲ್ಲ. ಅಪ್ಪಟ, ಕಲಬೆರಕೆಯಿಲ್ಲದ ಹೊಟ್ಟೆಕಿಚ್ಚು! ಅದನ್ನು ಹಚ್ಚಿದವನು ನನ್ನ ಷಡ್ಡಕ, ಅಂದರೆ ಹೆಂಡತಿಯ ಅಕ್ಕನನ್ನು ಕಟ್ಟಿಕೊಂಡ ಮಹಾನುಭಾವ. ಹಿಂದಿನ ದಿನ ಅವನ ಫೋಟೋ ಒಂದು ಹೆಂಡತಿಯ ಮೊಬೈಲಿಗೆ ಬಂದು ಬಿದ್ದಿತ್ತು. ಕಾರಿನ ಪಕ್ಕ ನಿಂತಿದ್ದಾನೆ, ಕೈಯಲ್ಲಿ ಸ್ಪ್ಯಾನರ್, ಎಡಗೆನ್ನೆಯ ಮೇಲೆ ಒಂದೇ ಒಂದು ಗೆರೆ ಗ್ರೀಸು. ಕೆಳಗೆ, 'ಬ್ರೇಕ್ ಪ್ಯಾಡ್ ಮನೆಯಲ್ಲೇ!'

"ಭಾವನ್ನ ನೋಡಿ!" ಅಂದಳು ಹೆಂಡತಿ.

ನೋಡಿದೆ. ಗ್ರೀಸು ಕೂಡ ಆ ಕೆನ್ನೆಗೆ ಒಪ್ಪುತ್ತಿತ್ತು! ನನ್ನ ಮುಖಕ್ಕೆ ಪೌಡರೇ ಒಪ್ಪುವುದಿಲ್ಲ.

ಮದುವೆಯಾದಾಗಿನಿಂದ ಇದೇ ರಾಗ. ಭಾವ ಮೊಳೆ ಹೊಡೆದರೆ ಸೊಟ್ಟಗಾಗುವುದಿಲ್ಲ. ಭಾವ ಶರ್ಟು ಮಡಚಿದರೆ ಅಂಗಡಿಯಲ್ಲಿಟ್ಟಂತೆ ಇರುತ್ತದೆ. ಭಾವ ಸೀನಿದರೂ ಪಕ್ಕದವರಿಗೆ ಗೊತ್ತಾಗುವುದಿಲ್ಲ! ನನಗೆ ಬೇಕಾಗಿದ್ದು ಆಸ್ತಿಯಲ್ಲ, ಪದವಿಯಲ್ಲ. ಆಯುಷ್ಯದಲ್ಲಿ ಒಂದೇ ಒಂದು ಸಲ ನನ್ನ ಹೆಂಡತಿ ನಾಲ್ಕು ಜನರ ಎದುರು ನನ್ನ ಕಡೆ ಕೈ ತೋರಿಸಿ "ಇವರನ್ನ ನೋಡಿ!" ಅನ್ನಬೇಕು. ಅಷ್ಟೇ.

ಪಿಕಪ್ ಮೊದಲು ಮಾವನವರದಾಗಿತ್ತು. ಈಗ ಹೆಂಡತಿಯ ಗಿಡಗಳ ಅಂಗಡಿಗೆ ದುಡಿಯುತ್ತದೆ. ಅಂದು ಸಂಜೆಯೇ ಹೊಸ ಹೋಟೆಲೊಂದಕ್ಕೆ ಗಾಡಿ ತುಂಬ ಹೂಕುಂಡ ತಲುಪಿಸಬೇಕಿತ್ತು. ಅವಳಿಗೆ ಸಿಕ್ಕ ಮೊದಲ ದೊಡ್ಡ ಆರ್ಡರ್ ಅದು.

"ಸಂಜೆ ನನಗೆ ಗಾಡಿ ಬೇಕು. ನೆನಪಿರಲಿ."

"ನೀನು ಗಿಡಕ್ಕೆ ನೀರು ಹಾಕೋದ್ರೊಳಗೆ ಮುಗಿಸಿರ್ತೀನಿ!"

"ನಾನೂ ಒಂಚೂರು ನೋಡ್ಲಾ?"

"ಬೇಡ ಬೇಡ! ಇದೆಲ್ಲ ನಿನಗೆ ಅರ್ಥ ಆಗೋದಲ್ಲ. ನೀನು ನಿನ್ನ ಗುಲಾಬಿ ನೋಡ್ಕೋ."

ಮೊಬೈಲಿನಲ್ಲಿ ವಿಡಿಯೋ ಹಚ್ಚಿ, ಹೊಟ್ಟೆ ಒಳಗೆಳೆದುಕೊಂಡು ಗಾಡಿಯಡಿ ತೂರಿದೆ. ವಿಡಿಯೋದವನು ಒಂದೇ ಬೋಲ್ಟಿನ ಬಗ್ಗೆ ಹೇಳಿದ್ದ. ಅಲ್ಲಿ ನೋಡಿದರೆ ಎರಡು! ಮುಂದೆ ಒಂದು ಚಿಕ್ಕದು, ಹಿಂದೆ ಒಂದು ದೊಡ್ಡದು. ನಾನು ಕ್ಷಣವೂ ಯೋಚಿಸದೆ ದೊಡ್ಡದಕ್ಕೇ ಕೈ ಹಾಕಿದೆ. ಷಡ್ಡಕನೆದುರು ಚಿಕ್ಕ ಬೋಲ್ಟು ಬಿಚ್ಚಿದವ ಅನ್ನಿಸಿಕೊಳ್ಳುವುದುಂಟೇ!

ಎಣ್ಣೆ ದಬದಬನೆ ಟಬ್ಬಿಗೆ ಇಳಿಯಿತು. ವಿಡಿಯೋದವನದು ಡಾಂಬರಿನಂತೆ ಕಪ್ಪಗಿತ್ತು. ನನ್ನದು ಜೇನಿನ ಬಣ್ಣ! ವಾಸನೆ ಮಾತ್ರ ಕೊಳೆತ ಮೊಟ್ಟೆಯದು. ಅದನ್ನು ನಾನು ಗಣನೆಗೆ ತೆಗೆದುಕೊಳ್ಳಲಿಲ್ಲ.

"ಬಾರೇ ಇಲ್ಲಿ! ನಮ್ಮ ಎಂಜಿನ್ ಎಷ್ಟು ಶುದ್ಧ ನೋಡು. ಇದೆಲ್ಲ ಓಡಿಸೋರ ಗುಣ!"

"ಓಡಿಸೋದು ನಾನು," ಅಂದಳು ದೂರದಿಂದಲೇ, ಪೈಪು ಹಿಡಿದುಕೊಂಡು.

ಬೋಲ್ಟು ಬಿಗಿದು, ಎಂಜಿನ್ನಿಗೆ ಹೊಸ ಎಣ್ಣೆಯ ಕ್ಯಾನು ಪೂರ್ತಿ ಬಗ್ಗಿಸಿದೆ. ಅಳತೆ ಕಡ್ಡಿ ಎಳೆದು ನೋಡಿದರೆ ಎಣ್ಣೆ ಗುರುತು ದಾಟಿ ಮೇಲಕ್ಕೆ ಹೋಗಿತ್ತು. ಇರಲಿ, ಧಾರಾಳವಾಗಿ ಕುಡಿಯಲಿ ಅಂದುಕೊಂಡೆ. ಆಮೇಲೆ ಮುಖ್ಯವಾದ ಕೆಲಸ. ಷಡ್ಡಕನಿಗೆ ಒಂದು ಕೆನ್ನೆಗೆ ಗ್ರೀಸು ತಾನೆ? ನಾನು ಎರಡಕ್ಕೂ ಬಳಿದುಕೊಂಡೆ, ಹಣೆಗೂ ಒಂದಿಷ್ಟು! ಫೋಟೋ ತೆಗೆದು ಹೆಂಡತಿಯ ತವರಿನ ವಾಟ್ಸಾಪ್ ಗುಂಪಿಗೆ ಕಳಿಸಿ, 'ಆಯಿಲ್ ಮನೆಯಲ್ಲೇ!' ಎಂದು ಬರೆದೆ.

ಕಳಿಸಿದ ಮೇಲೆ ಗಾಡಿ ಸ್ಟಾರ್ಟ್ ಮಾಡಿದೆ.

ಮೊದಲು ಒಂದು ಕೆಮ್ಮು. ಬೆನ್ನಿಗೇ ಹೊಗೆ! ನೀಲಿ ಹೊಗೆ, ಬಿಳಿ ಹೊಗೆ, ಎರಡೂ ಸೇರಿದ ಹೊಗೆ! ಗೇಟು ಕಾಣದಾಯಿತು, ಗುಲಾಬಿ ಕಾಣದಾಯಿತು, ಹೆಂಡತಿ ಕಾಣದಾದಳು. ಎದುರುಮನೆಯ ಟೈಲರ್ ಬಕೆಟ್ಟಿನಲ್ಲಿ ನೀರು ಹಿಡಿದು ಓಡಿಬಂದ. ಗಾಬರಿಯಲ್ಲಿ ಗೇರ್ ಹಾಕಿದೆ. ಹೊಟ್ಟೆಯೊಳಗಿನ ಹಲ್ಲೆಲ್ಲ ಒಂದಕ್ಕೊಂದು ಕಚ್ಚಾಡಿದಂತೆ ಗಾಡಿ ಕರಕರನೆ ಕಿರುಚಿತು. ಎಂಜಿನ್ ಆಫ್ ಮಾಡಿ ಕೆಳಕ್ಕೆ ಹಾರಿದೆ.

ಹೊಗೆಯೊಳಗಿಂದ ಹೆಂಡತಿಯ ಧ್ವನಿ ಬಂತು. "ನನ್ನ ಆರ್ಡರ್ ಗತಿ ಏನ್ರೀ?"

ಆ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅಳು ಇತ್ತು. ಸಾಲಾಗಿ ಜೋಡಿಸಿಟ್ಟ ಕುಂಡಗಳನ್ನು ನೋಡಿ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ಅವಳು ಮೊಬೈಲ್ ಎತ್ತಿಕೊಂಡಳು. "ಅಕ್ಕನ ಮನೆಗೆ ಫೋನ್ ಮಾಡ್ತೀನಿ."

"ಅಗ್ನಿಶಾಮಕದವರನ್ನ ಕರಿ! ಪೊಲೀಸರನ್ನ ಕರಿ! ಅವನನ್ನ ಮಾತ್ರ ಕರೀಬೇಡ ಕಣೇ!"

ಕರೆದಳು. ಬಂದ! ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲಿ, ಹೆಂಡತಿಯ ಅಕ್ಕ, ಅಂದರೆ ನನ್ನ ಅತ್ತಿಗೆಯ ಜೊತೆ. ಅವರಿಬ್ಬರು ಒಳಗೆ ಬರುತ್ತಲೇ ನನ್ನ ಮಾನ ಗೇಟು ದಾಟಿ ಹೊರಗೆ ಹೋಯಿತು. ಷಡ್ಡಕ ಬಾನೆಟ್ಟಿನೊಳಗೆ ಬಗ್ಗಿ, ಕಣ್ಣು ಕಿರಿದು ಮಾಡಿ, "ಹೂಂ," ಅಂದ. ಟೈಲರ್ ಭಕ್ತಿಯಿಂದ ತಲೆದೂಗಿದ. ಆ ಒಂದು 'ಹೂಂ'ಗೆ ನನ್ನ ಹೊಟ್ಟೆಯೊಳಗೆ ಎದ್ದ ಹೊಗೆಯ ಮುಂದೆ ಪಿಕಪ್ಪಿನದು ಏನೇನೂ ಅಲ್ಲ!

ಆಮೇಲೆ ಅವನು ನನ್ನ ತೋಳು ಹಿಡಿದು ಮೂಲೆಗೆ ಎಳೆದೊಯ್ದು ಪಿಸುಗುಟ್ಟಿದ:

"ಷಡ್ಡಕರೇ, ನಿಮ್ಮ ಕಾಲಿಗೆ ಬೀಳ್ತೀನಿ, ಯಾರಿಗೂ ಹೇಳಬೇಡಿ. ನನಗೆ ಇದರಲ್ಲಿ ಏನೂ ಗೊತ್ತಿಲ್ಲ."

"ಮತ್ತೆ ಆ ಬ್ರೇಕ್ ಪ್ಯಾಡು?"

"ಹಾಕಿದ್ದು ನನ್ನ ಹೆಂಡತಿ."

"ಆ ಫೋಟೋ?"

"ತೆಗೆದಿದ್ದೂ ಅವಳೇ."

"ಆ ಗ್ರೀಸು?"

"ಹಚ್ಚಿದ್ದೂ ಅವಳೇ ಕಣ್ರೀ! ಸ್ವಲ್ಪ ಗಂಡಸಿನ ಹಾಗೆ ಕಾಣಿ ಅಂತ!"

ಅಯ್ಯೋ, ಆ ಕ್ಷಣದ ಆನಂದವನ್ನು ಹೇಗೆ ವರ್ಣಿಸಲಿ! ಎಷ್ಟೋ ಕಾಲದ ಹೊಟ್ಟೆಯುರಿ ಒಂದೇ ಸಲಕ್ಕೆ ತಣ್ಣಗಾಯಿತು. ಅವನನ್ನು ತಬ್ಬಿಕೊಂಡೆ. ನನ್ನ ಎರಡೂ ಕೆನ್ನೆಯ ಗ್ರೀಸು ಅವನ ಬಿಳಿ ಶರ್ಟಿಗೆ ಮೆತ್ತಿಕೊಂಡಿತು. ಅದೂ ಸಂತೋಷವೇ!

ತಿರುಗಿ ನೋಡಿದರೆ, ಅತ್ತಿಗೆ ಟಬ್ಬಿನ ಮುಂದೆ ಕೂತು ಎಣ್ಣೆ ಮೂಸುತ್ತಿದ್ದಳು.

"ಲೇ, ನಿನ್ನ ಗಂಡ ಎಂಜಿನ್ ಆಯಿಲ್ ಅಂತ ಗೇರ್‌ಬಾಕ್ಸಿಂದು ಖಾಲಿ ಮಾಡಿದಾನೆ. ಎಂಜಿನ್ನಲ್ಲಿ ಹಳೇದರ ಮೇಲೆ ಹೊಸದು ಸುರಿದಿದಾನೆ!"

"ಹೊಗೆ ನೋಡಿದಾಗ್ಲೇ ಅನ್ಕೊಂಡೆ," ಅಂದಳು ನನ್ನ ಹೆಂಡತಿ, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸುತ್ತ. "ಫೋನಲ್ಲಿ ಹೇಳಿದ್ನಲ್ಲ, ಗೇರ್ ಆಯಿಲ್ ತಂದಿದೀಯಲ್ಲ? ಎಂಜಿನ್ನಿನ ಹೆಚ್ಚಿನದು ನಾನು ಇಳಿಸ್ತೀನಿ. ಸಂಜೆಯೊಳಗೆ ಆಗತ್ತೆ ತಾನೆ?"

"ಊಟದೊಳಗೆ ಆಗತ್ತೆ. ಅಪ್ಪನ ಜೊತೆ ಎಷ್ಟು ಸಲ ಇದರಡಿ ಮಲಗಿಲ್ಲ ನಾವು!"

ನಾನು ಹೆಂಡತಿಯ ಕಡೆ ತಿರುಗಿದೆ. "ನಿನಗೆ ಇದೆಲ್ಲ ಬರತ್ತಾ? ಮೊದಲೇ ಹೇಳೋದಲ್ವೇನೇ?"

"ನಾನೂ ನೋಡ್ಲಾ ಅಂದೆ. ಅರ್ಥ ಆಗಲ್ಲ ಅಂದ್ರಿ."

ಅಕ್ಕತಂಗಿಯರಿಬ್ಬರೂ ಸರಕ್ಕನೆ ಗಾಡಿಯಡಿ ಮಾಯವಾದರು. ಹೊರಗೆ ನಾಲ್ಕು ಪಾದಗಳಷ್ಟೇ ಉಳಿದವು. ಒಳಗಿಂದ ಅಪ್ಪಣೆಯಾಯಿತು, "ಬೆಳಕು ಬಿಡಿ!" ಷಡ್ಡಕರಿಬ್ಬರೂ ಒಂದೊಂದು ಟಾರ್ಚು ಹಿಡಿದು ಎರಡು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತೆವು. ಅವನೂ ನನ್ನಂಥವನೇ ಎಂಬ ನೆಮ್ಮದಿಯಲ್ಲಿ ನಾನು ಹಲ್ಲು ಕಿರಿಯುತ್ತಿದ್ದೆ. ಇನ್ನು ಅವನ ಮೇಲೆ ಹೊಟ್ಟೆಕಿಚ್ಚು ಪಡುವುದಕ್ಕೆ ಏನೂ ಉಳಿದಿರಲಿಲ್ಲ!

ಗಾಡಿಯಡಿಯಿಂದ ಹೆಂಡತಿ ಕೂಗಿದಳು:

"ಅಯ್ಯೋ, ಎಲ್ಲಿಗ್ರೀ ಬಿಡ್ತಿದೀರ ಬೆಳಕು? ಭಾವನ್ನ ನೋಡಿ! ಟಾರ್ಚು ಎಷ್ಟು ಚೆನ್ನಾಗಿ ಹಿಡ್ಕೊಂಡಿದಾರೆ!"