ಎರಡೂವರೆ ಅಡಿಯ ಕಾರ್ಯಾಗಾರ

ಆ ಶಾಲೆಯ ಬಡಗಿ ಕಾರ್ಯಾಗಾರವು ಎರಡೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲ ಮತ್ತು ಒಂದು ಅಡಿ ಎತ್ತರವಿದ್ದು, ಹದಿನಾಲ್ಕು ಕೋಣೆಗಳನ್ನು ಹೊಂದಿದೆ. ಕಟ್ಟಡಗಳ ವಹಿಯ ಹನ್ನೊಂದನೆಯ ಪುಟದಲ್ಲಿ ಹೀಗೆಂದು ದಾಖಲಾಗಿದೆ. ಕೆಳಗೆ ನಾಲ್ವರ ಸಹಿಯೂ ಇದೆ. ನಾಲ್ಕನೆಯ ಸಹಿ ಬಡಗಿ ಮೇಷ್ಟ್ರದು. ಸಹಿ ಹಾಕುವ ಮುನ್ನ ಅವರು ಪೆನ್ನು ಹಿಡಿದು ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡಿದರು ಎಂಬುದನ್ನು ಬಿಟ್ಟರೆ, ಈ ವಿಷಯದಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ.

ಬಡಗಿ ಮೇಷ್ಟ್ರು ಅಲ್ಲಿ ಇಪ್ಪತ್ತಾರು ವರ್ಷಗಳಿಂದ ಮಕ್ಕಳಿಗೆ ಮರಗೆಲಸ ಕಲಿಸುತ್ತಿದ್ದರು. ತರಗತಿ ನಡೆಯುತ್ತಿದ್ದದ್ದು ಮೆಟ್ಟಿಲ ಕೆಳಗಿನ ಮೂಲೆಯಲ್ಲಿ. ಮೇಲಿನಿಂದ ಯಾರಾದರೂ ಧಡಧಡ ಇಳಿದರೆ ಕೆಳಗೆ ಇಪ್ಪತ್ತೆರಡು ತಲೆಗಳು ಒಟ್ಟಿಗೆ ತಗ್ಗುತ್ತಿದ್ದವು. ಗರಗಸ, ಉಜ್ಜುಗೊರಡು, ಸುತ್ತಿಗೆಗಳೆಲ್ಲ ಒಂದು ಗೋಣಿಚೀಲದಲ್ಲಿದ್ದವು. ಉಳಿಗಳಿಗೆ ಮಾತ್ರ ಬೇರೆ ವ್ಯವಸ್ಥೆಯಿತ್ತು: ಹದಿನಾಲ್ಕು ಜೇಬುಗಳ ಒಂದು ಕ್ಯಾನ್ವಾಸ್ ಚೀಲ. ಬಿಚ್ಚಿ ಹಾಸಿದರೆ ಚಾಪೆಯಂತೆ, ಸುತ್ತಿಟ್ಟರೆ ದಿಂಬಿನಂತೆ. ಅದನ್ನು ಹೊಲಿದುಕೊಟ್ಟವರು ಮೇಷ್ಟ್ರ ಹೆಂಡತಿ. ಚೀಲ ಶಾಲೆಯ ಆಸ್ತಿಯೆಂದು ವಹಿಗೆ ಸೇರಿ ಹನ್ನೆರಡು ವರ್ಷವಾಗಿತ್ತು. ಹೊಲಿದವರು ತೀರಿಕೊಂಡು ಎರಡು ವರ್ಷವಾಗಿತ್ತು.

ಹೀಗಿರುವಾಗ ಮೇಲಿನಿಂದ ಒಂದು ಸುತ್ತೋಲೆ ಬಂತು. "ಕಾರ್ಯಾಗಾರದ ಒಳಗೆ ನಡೆಯದ ಮರಗೆಲಸದ ತರಗತಿಗಳನ್ನು ಈ ಅವಧಿಯ ಕೊನೆಗೆ ಮುಚ್ಚತಕ್ಕದ್ದು, ಉಳಿ, ಗರಗಸ, ಚೀಲ ಇತ್ಯಾದಿಗಳನ್ನು ಕೇಂದ್ರ ಉಗ್ರಾಣಕ್ಕೆ ಒಪ್ಪಿಸತಕ್ಕದ್ದು." ಮೇಷ್ಟ್ರು 'ಚೀಲ' ಎಂಬ ಪದವನ್ನು ಎರಡು ಸಲ ಓದಿದರು.

ಮುಖ್ಯೋಪಾಧ್ಯಾಯಿನಿಯನ್ನು ಎಲ್ಲರೂ ದೊಡ್ಡ ಮೇಡಂ ಎನ್ನುತ್ತಿದ್ದರು. ಒಳ್ಳೆಯ ಹೆಂಗಸು. ಯಾರು ಏನು ಕೇಳಿದರೂ ಬರೆದುಕೊಡಿ ಎನ್ನುತ್ತಿದ್ದರು. ಬರೆದುಕೊಟ್ಟರೆ ಮೇಲಕ್ಕೆ ಕಳಿಸುತ್ತಿದ್ದರು. ಮೇಷ್ಟ್ರು ಬರೆದುಕೊಟ್ಟರು. ಮಾರುಕಟ್ಟೆಯಲ್ಲಿ ಈಗ ಬ್ರಾಕೆಟ್ ಕಿಟ್ ಎಂಬುದು ಸಿಗುತ್ತದೆ. ಮೂರು ನಾಲ್ಕು ಬಾಯಿರುವ ಕಬ್ಬಿಣದ ತುಂಡುಗಳು. ಒಂದೊಂದು ಬಾಯಿಗೆ ಒಂದೊಂದು ಮರ ತೂರಿಸಿ ಸ್ಕ್ರೂ ಬಿಗಿದರೆ ಮೂಲೆ ತಯಾರು. ಕಂಬದ ಬುಡಕ್ಕೆ ಆರು, ಕಂಬದ ತಲೆಗೆ ಆರು, ಮಾಡಿನ ನೆತ್ತಿಗೆ ಮೂರು, ಒಟ್ಟು ಹದಿನೈದು ತುಂಡು. ಇಷ್ಟಿದ್ದರೆ ಮಕ್ಕಳ ಕೈಯಿಂದಲೇ ಕಾರ್ಯಾಗಾರ ಎಬ್ಬಿಸಬಹುದು. ಆಶ್ಚರ್ಯವೆಂದರೆ ಕಿಟ್ ಮೂರೇ ವಾರದಲ್ಲಿ ಬಂತು.

ಬಂದದ್ದು ನೇರವಾಗಿ ಸ್ಟೋರ್ ಕೀಪರರ ಕೈಗೆ.

ಆ ಶಾಲೆಯ ಉಗ್ರಾಣದಲ್ಲಿ ಒಂದು ನಿಯಮವಿತ್ತು: ಪೆಟ್ಟಿಗೆಯ ಮೇಲೆ ಏನು ಬರೆದಿದೆಯೋ ಅದೇ ಒಳಗಿದೆ. ಹಿಂದೊಮ್ಮೆ ಯಾರೋ ಪೆಟ್ಟಿಗೆ ತೆರೆದು ನೋಡಿ, ಒಳಗಿದ್ದದ್ದಕ್ಕೂ ಮೇಲಿದ್ದದ್ದಕ್ಕೂ ತಾಳೆಯಾಗದೆ ಎರಡು ವರ್ಷ ವಿಚಾರಣೆ ನಡೆದಿತ್ತು. ಅಂದಿನಿಂದ ತೆರೆಯುವುದನ್ನೇ ನಿಲ್ಲಿಸಲಾಯಿತು. ಆಮೇಲೆ ಒಂದೇ ಒಂದು ವ್ಯತ್ಯಾಸವೂ ಕಂಡುಬಂದಿಲ್ಲ. ದಪ್ಪ ಗಟ್ಟಿ ರಟ್ಟಿನ ಈ ಪೆಟ್ಟಿಗೆಯ ಮೇಲೆ "ಕಾರ್ಯಾಗಾರ. ಸಂಖ್ಯೆ: ಒಂದು" ಎಂದು ದಪ್ಪಕ್ಷರದಲ್ಲೂ "ಮರ ಸೇರಿಲ್ಲ" ಎಂದು ಸಣ್ಣಕ್ಷರದಲ್ಲೂ ಇತ್ತು. ಸ್ಟೋರ್ ಕೀಪರರು ಟೇಪು ಹಿಡಿದು ಅಳೆದರು. ಕಾರ್ಯಾಗಾರವೆಂದರೆ ಕಟ್ಟಡ, ಕಟ್ಟಡವೆಂದರೆ ಕಟ್ಟಡಗಳ ವಹಿ. ಷರಾ ಕಾಲಂನಲ್ಲಿ "ಮರ ಬಳಸಿಲ್ಲ, ಗೆದ್ದಲಿನ ಭಯವಿಲ್ಲ" ಎಂದು ಬರೆದರು. ಉಗ್ರಾಣದ ಒಳಗೆ ಕಟ್ಟಡ ಇಡುವ ಪದ್ಧತಿ ಎಲ್ಲಿಯೂ ಇಲ್ಲವಾದ್ದರಿಂದ ಪೆಟ್ಟಿಗೆಯನ್ನು ಎತ್ತಿಸಿ ಅಂಗಳದ ನಡುವೆ ಇರಿಸಿದರು.

ಮೇಷ್ಟ್ರು ಮರ ಕೇಳಲು ಹೋದರು.

"ಮರ ಯಾಕೆ ಮೇಷ್ಟ್ರೇ?" ಎಂದರು ಸ್ಟೋರ್ ಕೀಪರರು.

"ಕಾರ್ಯಾಗಾರ ಕಟ್ಟೋಕೆ."

"ಕಟ್ಟಿ ಆಯ್ತಲ್ಲ. ಅಂಗಳದಲ್ಲಿ ನೋಡಲಿಲ್ವಾ?"

"ಅದು ಪೆಟ್ಟಿಗೆ ಸ್ವಾಮಿ. ಒಳಗೆ ಕಬ್ಬಿಣದ ತುಂಡುಗಳಿವೆ."

"ನೀವು ತೆರೆದು ನೋಡಿದ್ರಾ?" ಸ್ಟೋರ್ ಕೀಪರರ ದನಿ ತಗ್ಗಿತು.

"ಇಲ್ಲ."

"ಹಾಗಾದ್ರೆ ಒಳಗೇನಿದೆ ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೊತ್ತಿರೋದು ವಹಿಗೆ ಮಾತ್ರ." ಅವರು ವಹಿಯನ್ನು ಮಗುವಿನ ಬೆನ್ನು ತಟ್ಟುವಂತೆ ತಟ್ಟಿದರು. "ಒಂದು ಶಾಲೆಗೆ ಒಂದೇ ಕಾರ್ಯಾಗಾರ. ಎರಡನೇದಕ್ಕೆ ಮರ ಕೊಟ್ರೆ ನನ್ನ ಕೆಲಸ ಹೋಗುತ್ತೆ."

ಮರುದಿನ ಸೂಚನಾ ಫಲಕದಲ್ಲಿ ಪ್ರಕಟಣೆ ಕಾಣಿಸಿತು. "ಹೊಸ ಕಾರ್ಯಾಗಾರದ ಮೇಲೆ ಟೀ ಲೋಟ ಇಡಕೂಡದು. ಅದನ್ನು ದಾಟಿ ಹಾರಕೂಡದು. ಪೂರ್ವಾನುಮತಿಯಿಲ್ಲದೆ ಕಟ್ಟಡವನ್ನು ಎತ್ತಿಕೊಂಡು ಹೋಗಕೂಡದು. ಕಟ್ಟಡವಿರುವಾಗ ಮೆಟ್ಟಿಲ ಕೆಳಗೆ ಮರಗೆಲಸದ ತರಗತಿ ನಡೆಸಕೂಡದು." ಕೊನೆಯ ಸಾಲಿನಿಂದಾಗಿ ಮೇಷ್ಟ್ರಿಗೆ ಇದ್ದ ಮೂಲೆಯೂ ಹೋಯಿತು. ಅವರು ಇಪ್ಪತ್ತೆರಡು ಮಕ್ಕಳನ್ನು ಅಂಗಳಕ್ಕೆ ಕರೆತಂದು ಪೆಟ್ಟಿಗೆಯ ಸುತ್ತ ಬಿಸಿಲಲ್ಲಿ ನಿಲ್ಲಿಸಿದರು.

"ಸಾರ್, ಒಳಗೆ ಹೋಗೋದು ಹೇಗೆ?" ಎಂದಳು ಒಬ್ಬಳು.

"ಸರದಿಯಲ್ಲಿ," ಎಂದರು ಮೇಷ್ಟ್ರು.

ಅದೇ ವಾರ ಹೊಸ ಕಟ್ಟಡಕ್ಕೆ ಬಣ್ಣ ಬಳಿಯಲು ಗುತ್ತಿಗೆದಾರರು ಬಂದರು. ನಲವತ್ತು ಡಬ್ಬ ತಿಳಿಹಸಿರು ಬಣ್ಣಕ್ಕೆ ಸಹಿ ಹಾಕಿ, ಒಂದು ಬ್ರಷ್ ಹಿಡಿದು, ಪೆಟ್ಟಿಗೆಯ ನಾಲ್ಕು ಬದಿಗೂ ನಿಷ್ಠೆಯಿಂದ ಬಳಿದರು. ಮೇಲಿನ ಅಕ್ಷರಗಳನ್ನು ಮುಟ್ಟಲಿಲ್ಲ. ಸಾಯಂಕಾಲದ ಹೊತ್ತಿಗೆ ಡಬ್ಬಗಳೆಲ್ಲ ಖಾಲಿಯಾದವು. ರಟ್ಟು ಬಣ್ಣವನ್ನು ವಿಪರೀತ ಹೀರುತ್ತದೆ ಎಂದು ಅವರು ವರದಿ ಬರೆದರು. ಮೇಷ್ಟ್ರು ಮನೆಗೆ ಹೋಗುವ ದಾರಿಯಲ್ಲೇ ಗುತ್ತಿಗೆದಾರರ ಮನೆ. ಅದರ ಗೋಡೆಗಳು, ಕಾಂಪೌಂಡು, ನಾಯಿಗೂಡು ಎಲ್ಲವೂ ತಿಳಿಹಸಿರಾಗಿದ್ದವು. ಅದನ್ನು ಕಂಡು ಮೇಷ್ಟ್ರಿಗೂ ಹಿತವೆನಿಸಿತು, ಬಣ್ಣ ಚೆನ್ನಾಗಿತ್ತು.

ಮನೆಯಲ್ಲಿ ಅವರ ಅಕ್ಕ ಇದ್ದರು. ನಾದಿನಿ ಹೋದ ಮೇಲೆ ತಮ್ಮನಿಗೆ ಅನ್ನ ಬೇಯಿಸಿಹಾಕಲು ಬಂದವರು, ಬಾಯಿ ಮಾತ್ರ ತವರಿನದ್ದೇ.

"ಏನೋ, ನಿನ್ನ ಬಂಗಲೆ ಹೇಗಿದೆ?"

"ಮೋಡ ಕವಿದಿದೆ ಅಕ್ಕ. ಎರಡು ಮಳೆ ಬಿದ್ರೆ ರಟ್ಟು ಕರಗುತ್ತೆ. ಕಟ್ಟಡ ಬಿತ್ತು ಅಂತ ನನ್ನ ತಲೆಗೇ ಕಟ್ತಾರೆ. ತಿಂಗಳ ಕೊನೆಗೆ ತನಿಖೆ. ತರಗತಿ ಮುಚ್ತಾರೆ, ಚೀಲನೂ ತಗೊಂಡು ಹೋಗ್ತಾರೆ."

ಆ ಚೀಲ ಹೊಲಿಯುವಾಗ ಸೂಜಿಗೆ ದಾರ ಪೋಣಿಸಿಕೊಟ್ಟವರು ಅಕ್ಕನೇ.

"ಅಲ್ಲವೋ ದಡ್ಡ, ನೆನೆಯೋ ವಸ್ತುವಿಗೆ ಕೊಡೆ ಹಿಡೀತಾರೆ ತಾನೆ? ಮನೆ ಕೊಡಿ ಅಂತ ಯಾಕೆ ಬಾಯಿ ಬಡ್ಕೋತೀಯ? ಮನೆಗೊಂದು ಕೊಡೆ ಕೊಡಿ ಅನ್ನು."

ಮೇಷ್ಟ್ರು ಬೆಳಿಗ್ಗೆ ಬೇಗ ಹೋಗಿ ನಿಯಮಗಳ ಪುಸ್ತಕ ಹುಡುಕಿದರು. ಗಣ್ಯರ ಪ್ರತಿಮೆಗಳಿಗಾಗಿ ಮಾಡಿದ ಒಂದು ನಿಯಮ ಸಿಕ್ಕಿತು: "ಬಯಲಲ್ಲಿರುವ ನಿರ್ಮಾಣಗಳನ್ನು ಮಳೆಯಿಂದ ಕಾಪಾಡಲು ಸುತ್ತ ಆರಾರು ಅಡಿ ಬಿಟ್ಟು ಚಪ್ಪರ ಹಾಕಬಹುದು. ಚಪ್ಪರವು ಕಟ್ಟಡವಲ್ಲ." ಎರಡೂವರೆಗೆ ಹನ್ನೆರಡು ಕೂಡಿಸಿದರೆ ಹದಿನಾಲ್ಕೂವರೆ ಅಡಿ ಉದ್ದ, ಒಂದೂವರೆಗೆ ಹನ್ನೆರಡು ಕೂಡಿಸಿದರೆ ಹದಿಮೂರೂವರೆ ಅಡಿ ಅಗಲ. ಇಪ್ಪತ್ತೆರಡು ಮಕ್ಕಳು ಮೊಣಕೈ ತಗುಲಿಸಿಕೊಂಡಾದರೂ ನಿಲ್ಲಬಹುದಾದ ಜಾಗ. ಅರ್ಜಿ ಕೊಟ್ಟರು. ಕಟ್ಟಡವೊಂದು ನೆನೆಯುವುದನ್ನು ಯಾವ ಅಧಿಕಾರಿ ಸಹಿಸಿಯಾನು? ಕಂಬ, ತೊಲೆ, ರೀಪು, ಮಾಡಿಗೆ ತಗಡು ಎಲ್ಲವೂ ಒಂದೇ ಲಾರಿಯಲ್ಲಿ ಬಂದಿಳಿದವು.

ಇನ್ನು ಉಳಿದದ್ದು ಬ್ರಾಕೆಟ್.

"ಪೆಟ್ಟಿಗೆ ತೆರೀಬೇಕು," ಎಂದರು ಮೇಷ್ಟ್ರು.

"ಮುಚ್ಚಳ ತೆಗೆಯೋದು ಅಂದ್ರೆ ಛಾವಣಿ ಕೆಡವಿದ ಹಾಗೆ," ಎಂದರು ಸ್ಟೋರ್ ಕೀಪರರು. "ಆಗದ ಮಾತು."

"ದುರಸ್ತಿಗೆ?"

"ದುರಸ್ತಿಗೆ ಆಗುತ್ತೆ." ಅವರ ಮುಖ ಅರಳಿತು. ಅವರು ಕೆಟ್ಟವರಲ್ಲ, ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವವರು, ಅಷ್ಟೆ. "ದುರಸ್ತಿ ಅಂದ್ರೆ ಕಟ್ಟಡದ ಬಿಡಿಭಾಗ ಹೊರಗೆ ತೆಗೀಬಹುದು. ಆದ್ರೆ ಅವು ಆವರಣ ಬಿಟ್ಟು ಹೋಗಬಾರದು. ಕಳೆದುಹೋಗದ ಹಾಗೆ ಎಲ್ಲಾದ್ರೂ ಭದ್ರವಾಗಿ ಬಿಗಿದಿಡಿ."

"ಚಪ್ಪರಕ್ಕೆ ಬಿಗಿದಿಡ್ಲಾ?"

"ಅಲ್ಲಿಗಿಂತ ಭದ್ರ ಇನ್ನೆಲ್ಲಿ?"

ಮೂರು ದಿನ ಕೆಲಸ ನಡೆಯಿತು. ಮೊದಲ ದಿನ ಬುಡದ ಬ್ರಾಕೆಟ್‌ಗಳನ್ನು ದಾರ ಹಿಡಿದು ಸಾಲಾಗಿ ನೆಲಕ್ಕೆ ಕೂರಿಸಿದರು. ಕಂಬದ ತುದಿ ಕೂದಲೆಳೆಯಷ್ಟು ದಪ್ಪವಾಗಿ ಬ್ರಾಕೆಟ್ಟಿನ ಬಾಯಿಗೆ ಹೋಗದಿದ್ದಾಗ ಮೇಷ್ಟ್ರು ಬಡಿಯಲು ಬಿಡಲಿಲ್ಲ. "ಬಡಿದ್ರೆ ಮರ ಸೀಳುತ್ತೆ. ಮರ ಕೋಪ ಮಾಡ್ಕೊಂಡಿದೆ, ಸಮಾಧಾನ ಮಾಡ್ರೋ," ಎಂದು ಉಜ್ಜುಗೊರಡು ಕೊಟ್ಟರು. ಹೂವಿನ ಸುರುಳಿಯಂಥ ಹೊಟ್ಟು ಅಂಗಳದ ತುಂಬ ಹಾರಿತು. ಎರಡನೆಯ ದಿನ ತೊಲೆಗಳು ಕೂತವು. ಮೂರನೆಯ ದಿನ ನೆತ್ತಿಯ ಮೂರು ಬ್ರಾಕೆಟ್‌ಗಳಿಗೆ ರೀಪು ಸೇರಿಸಿ ತಗಡು ಹೊದಿಸುವಷ್ಟರಲ್ಲಿ ಮೊದಲ ಹನಿ ಬಿತ್ತು. ಎಲ್ಲರೂ ಒಳಗೆ ಓಡಿದರು. ದೊಡ್ಡ ಮೇಡಂ ಕೂಡ ಸೀರೆ ಎತ್ತಿ ಹಿಡಿದು ಓಡಿಬಂದು, "ಕಟ್ಟಡ ನೆನೆಯಲಿಲ್ಲ ತಾನೆ?" ಎಂದು ಕೇಳಿದರು. ಇಲ್ಲವೆಂದ ಮೇಲೆ ಉಸಿರು ಬಿಟ್ಟರು.

ಈಗ ಪೆಟ್ಟಿಗೆ ಖಾಲಿಯಾಗಿತ್ತು. ಖಾಲಿ ಬಿದ್ದ ಕಟ್ಟಡವನ್ನು ಬೇರೆ ಇಲಾಖೆಯವರು ವಶಪಡಿಸಿಕೊಳ್ಳಬಹುದೆಂದು ಸ್ಟೋರ್ ಕೀಪರರು ಎಚ್ಚರಿಸಿದರು. ಮೇಷ್ಟ್ರು ಉಳಿಗಳ ಸಮೇತ ಕ್ಯಾನ್ವಾಸ್ ಚೀಲವನ್ನು ಪೆಟ್ಟಿಗೆಯ ತಳಕ್ಕೆ ಹಾಸಿ, ಮುಚ್ಚಳಕ್ಕೆ ಬೀಗದ ಕೊಂಡಿಯನ್ನೂ ಕೂರಿಸಿದರು.

ತನಿಖಾಧಿಕಾರಿಗಳು ತಿಂಗಳ ಕೊನೆಯ ದಿನ ಬಂದರು. ಅಲ್ಲಿಂದಿಲ್ಲಿಗೆ ಓಡಾಡಿ ಸುಸ್ತಾಗಿ, ಚಪ್ಪರದ ನಡುವೆ ಕಂಡ ಪೆಟ್ಟಿಗೆಯ ಮೇಲೆ ಕೂತು ಬೆವರೊರೆಸಿಕೊಂಡರು.

"ಇದೇನು?"

"ಕಟ್ಟಡ ರಕ್ಷಣಾ ಚಪ್ಪರ, ಸಾರ್."

"ಕಟ್ಟಡ ಎಲ್ಲಿ?"

"ತಾವು ಕೂತಿದ್ದೀರಿ, ಸಾರ್."

ಅಧಿಕಾರಿಗಳು ಎದ್ದರು. ವಹಿ ತರಿಸಿದರು. ಉದ್ದ, ಅಗಲ, ಎತ್ತರ ಅಳೆದರು, ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಅವರ ಮುಖದಲ್ಲಿ ಗೌರವ ಮೂಡಿತು. ಇಷ್ಟು ವರ್ಷಗಳ ಸೇವೆಯಲ್ಲಿ ವಹಿಗೆ ತಾಳೆಯಾದ ಮೊದಲ ಕಟ್ಟಡ ಇದು ಎಂದರು. ಮುಚ್ಚಳ ಎತ್ತಿಸಿ ಒಳಗೆ ಇಣುಕಿದರು.

"ಕೋಣೆಗಳು ಎಷ್ಟು?"

ಮೇಷ್ಟ್ರು ಜೇಬುಗಳನ್ನು ನೋಡಿದರು. "ಹದಿನಾಲ್ಕು, ಸಾರ್."

"ಒಳಗೆ ಕಟ್ಟಿದವರು?"

ಕೇಳಿದ ಪ್ರಶ್ನೆಗೆ ಸರಿಯುತ್ತರ ಕೊಡುವುದು ಮೇಷ್ಟ್ರ ಅಭ್ಯಾಸ. "ನನ್ನ ಹೆಂಡತಿ, ಸಾರ್."

ಅಧಿಕಾರಿಗಳು ಹೆಸರು ಕೇಳಿ ಬರೆದುಕೊಂಡರು. ಆಮೇಲೆ ಸುತ್ತೋಲೆ ತೆಗೆದರು. "ತರಗತಿ ಕಟ್ಟಡದ ಒಳಗೇ ನಡೆಯುತ್ತಾ? ಅದು ಮುಖ್ಯ."

ಸ್ಟೋರ್ ಕೀಪರರು ಕಂಬ ಹಿಡಿದುಕೊಂಡರು.

"ಉಳಿ ಒಳಗಿದೆ, ಸಾರ್," ಎಂದರು ಮೇಷ್ಟ್ರು ನಿಧಾನವಾಗಿ. "ಒಳಗೆ ಕೈ ಹಾಕದೆ ಯಾರ ಪಾಠವೂ ಶುರುವಾಗಲ್ಲ. ಒಳಗೆ ಕೈ ಹಾಕಿ ವಾಪಸ್ ಇಡದೆ ಮುಗಿಯೋದೂ ಇಲ್ಲ."

"ಎಲ್ಲಿಯವರೆಗೆ ಹೋಗುತ್ತೆ?"

"ಮೊಣಕೈವರೆಗೆ, ಸಾರ್. ಗಿಡ್ಡ ಮಕ್ಕಳದ್ದು ಭುಜದವರೆಗೂ."

ಅಧಿಕಾರಿಗಳು ಒಂದು ಮಗುವಿನಿಂದ ಮಾಡಿಸಿ ನೋಡಿ, "ಹಾಜರಾತಿ: ಇಪ್ಪತ್ತೆರಡು, ಮೊಣಕೈವರೆಗೆ. ತೃಪ್ತಿಕರ. ತರಗತಿ ಮುಂದುವರಿಯಲಿ" ಎಂದು ಬರೆದು ಸಹಿ ಹಾಕಿದರು. ಸ್ಟೋರ್ ಕೀಪರರು ಹಾಕಿದರು. ದೊಡ್ಡ ಮೇಡಂ ಹಾಕಿದರು. ಮೇಷ್ಟ್ರು ಪೆನ್ನು ಹಿಡಿದು ಶಾಲೆಯ ಕಿಟಕಿಯ ಕಡೆ ಸ್ವಲ್ಪ ಹೊತ್ತು ನೋಡಿದರು, ಆಮೇಲೆ ಹಾಕಿದರು. ನಿರ್ಮಾಣ ಮಾಡಿದವರು ಎಂಬ ಕಾಲಂನಲ್ಲಿ ಅವರ ಹೆಂಡತಿಯ ಹೆಸರು ದುಂಡಗೆ ಕೂತಿತ್ತು.

ಈಗ ಐದಾರು ಶಾಲೆಗಳು ಮೊಣಕೈ ನಿಯಮದ ಪ್ರತಿ ಕೇಳಿ ಪತ್ರ ಬರೆದಿವೆ. ಬ್ರಾಕೆಟ್‌ಗಳ ದುರಸ್ತಿ ಇನ್ನೂ ಪ್ರಗತಿಯಲ್ಲಿದೆ.

"ಬಂಗಲೆಗೆ ಬೀಗ ಹಾಕಿದ್ಯೇನೋ?" ಎಂದು ಅಕ್ಕ ದಿನಾ ಕೇಳುತ್ತಾರೆ.

"ಹಾಕಿದೆ ಅಕ್ಕ. ಹದಿನಾಲ್ಕು ಕೋಣೆನೂ ನೋಡಿಯೇ ಹಾಕಿದೆ."

ಹೊಸ ಅವಧಿಯ ಮೊದಲ ದಿನ ಹೊಸ ಮಕ್ಕಳು ಚಪ್ಪರದಡಿ ಬಂದು ನಿಂತರು. ಮೇಷ್ಟ್ರು ಪೆಟ್ಟಿಗೆಯ ಬೀಗ ತೆಗೆದು, ಮುಚ್ಚಳ ಎತ್ತುವ ಮುನ್ನ ಅವರ ಕೈಗಳನ್ನು ನೋಡಿದರು.

"ಮೊದಲು ಕೈ ತೊಳೆದು ಬನ್ನಿ. ಕಟ್ಟಡದ ಒಳಗೆ ಹೋಗೋದಿದೆ."

ಮಕ್ಕಳು ಕೈ ತೊಳೆದುಕೊಂಡು ಬಂದರು.