ಆಕಳಿಗೆ ಹಾಕಿದ ಬೀಗ

2024ರ ಏಪ್ರಿಲ್ 29, ಸೋಮವಾರ, ಬೆಳಗಿನ ಆರು ಗಂಟೆ ನಲವತ್ತು ನಿಮಿಷ. ಸತ್ತಿ ಊರಿನ ಡೇರಿಯಲ್ಲಿ ಜಕ್ಕಪ್ಪನ ಎಚ್ಚೆಫ್ ತಳಿಯ ಸೀಮೆ ಆಕಳಿನ ಹಾಲು ಏಳು ಲೀಟರಿನಿಂದ ಐದಕ್ಕೆ ಇಳಿದಿತ್ತು.

"ಬಿಸಲಿಗಿ, ಕಾಕಾ," ಎಂದ ಡೇರಿಯ ಉತ್ತಮ. "ಊರಾಗ ಎಲ್ಲಾರದೂ ಅರ್ಧಕ್ಕ ಬಂದೈತಿ. ನಿಮ್ಮದ ಚಲೋ ಐತ್ರಿ."

"ಬಿಸಲಿಗಿ ಕೈ ಅದಾವೇನ್ಲೇ ಹಿಂಡಾಕ? ಯಾರೋ ಕದಿಯಾಕತ್ತಾರ!"

ಕನ್ನಡಿಯಲ್ಲಿ ತನ್ನ ಮುಖ ಕಂಡರೂ ಇವನಿಗಿಲ್ಲಿ ಏನು ಕೆಲಸವೆಂದು ಕೇಳುವ ಜಾತಿ ಜಕ್ಕಪ್ಪನದು. ಮಧ್ಯಾಹ್ನ ಶೆಡ್ಡಿನ ಆಚೆ ಕಬ್ಬಿನ ಒಣಗರಿಯ ರವದಿ ರಾಶಿಯಲ್ಲಿ ಅಡಗಿ ಕುಳಿತ. ತೂಕಡಿಸಿ ಕಣ್ಣು ಬಿಡುವಷ್ಟರಲ್ಲಿ, ಪಕ್ಕದ ಮನೆಯ ಭೀಮಾಬಾಯಿ ಸೊಂಟದ ಮೇಲೆ ಕೊಡ ಇಟ್ಟುಕೊಂಡು, ಅತ್ತಿತ್ತ ನೋಡುತ್ತ ಅವನ ಶೆಡ್ಡಿನಿಂದ ಹೊರಬೀಳುತ್ತಿದ್ದಳು.

ಆಕೆ ಮರೆಯಾದೊಡನೆ ಜಕ್ಕಪ್ಪ ತಗಡಿನ ಶೆಡ್ಡಿಗೆ ನಾಲ್ಕೂ ಕಡೆ ತಾಡಪತ್ರಿ ಬಿಗಿದು, ಬಾಗಿಲಿಗೆ ಬೀಗ ಜಡಿದ.

"ಉಸರಾಡಾಕ ಒಂದ ಸಂದಿಯರ ಬಿಡ್ರಿ," ಎಂದಳು ಹೆಂಡತಿ ಸುಜಾತಾ.

"ಸಂದಿ ಬಿಟ್ಟರ ಕೈ ಬರತಾವ!"

ಸಂಜೆ ಐದಕ್ಕೆ ಬೀಗ ತೆಗೆದರೆ ಆಕಳು ನಾಲಿಗೆ ಚಾಚಿ ಕಮ್ಮಾರನ ತಿದಿಯಂತೆ ಏದುತ್ತಿತ್ತು. ಎಷ್ಟು ಹಿಂಡಿದರೂ ತಂಬಿಗೆ ತುಂಬಲಿಲ್ಲ. ಜಕ್ಕಪ್ಪ ಭೀಮಾಬಾಯಿಯ ಅಂಗಳಕ್ಕೆ ನುಗ್ಗಿದ.

"ಕಾಕಿ, ಬೀಗ ಹಾಕಿದ್ರೂ ಹಾಲು ಹೆಂಗ ಕದ್ದಿ?"

ಓಣಿಯೇ ನೆರೆಯಿತು. ಭೀಮಾಬಾಯಿ ಪೊರಕೆ ಕೆಳಗಿಟ್ಟಳು.

"ಲೇ ಖೋಡಿ, ದಿನಾ ಮಧ್ಯಾಹ್ನ ನಿನ್ನ ಆಕಳ ಮೈಮ್ಯಾಲೆ ನೀರ ಸುರವಾಕತ್ತೀನಿ. ಅದರ ಏದುಸಿರಿಗಿ ನನಗ ನಿದ್ದಿ ಹತ್ತವಲ್ದು! ನೀ ಕಂಡರ ನೂರೆಂಟ ಕೇಳತಿ ಅಂತ ಕದ್ದ ಬರತಿದ್ದೆ. ಇವತ್ತ ಎರಡನೇ ಕೊಡ ತಂದರ ಬೀಗ!"

ಓಣಿ ಬಿದ್ದು ಬಿದ್ದು ನಕ್ಕಿತು. ಐದು ಲೀಟರ್ ಉಳಿದದ್ದು ಯಾರ ಪುಣ್ಯದಿಂದ ಎಂದು ಜಕ್ಕಪ್ಪನಿಗೆ ಹೊಳೆಯಿತು.

"ನಾಳಿಂದ ಬಾಗಲಾ ತಗದ ಇಡತೀನಿ, ಕಾಕಿ..."

"ಕಳ್ಳಿ ಕೈಯಾನ ನೀರ ಯಾಕ ಬೇಕೋ ಯಪ್ಪಾ? ನೀನ ಹೊರು!"

ಮನೆಗೆ ಬಂದರೆ ಸುಜಾತಾ ಆಗಲೇ ಆಕಳನ್ನು ಪಡಸಾಲೆಯ ಫ್ಯಾನಿನ ಕೆಳಗೆ ಕಟ್ಟಿದ್ದಳು. ಜಕ್ಕಪ್ಪನ ಹಾಸಿಗೆ ಶೆಡ್ಡಿಗೆ ಹೋಗಿತ್ತು.

"ಕಾವಲಾ ಕಾಯೂದು ನಿಮಗ ಹೌಸ ಅಲ್ಲೇನ್ರಿ? ಅಲ್ಲೇ ಕಾಯ್ರಿ."

ಆಕಳು ಮೆಲುಕು ಹಾಕುತ್ತ ತನ್ನತ್ತ ನೋಡಿ ನಕ್ಕಿತೆಂದು ಅವನಿಗೆ ಬಲವಾದ ಸಂಶಯ. ಏಳು ಗಂಟೆಗೆ ಸುದ್ದಿ ಕೇಳಿದ ಉತ್ತಮ ಬಂದು ಶೆಡ್ಡಿನ ಕಂಬಕ್ಕೆ ಥರ್ಮಾಮೀಟರ್ ತೂಗುಹಾಕಿ, ಚಾಪೆಯ ಮೇಲೆ ಕುಳಿತಿದ್ದ ಜಕ್ಕಪ್ಪನಿಗೆ ಓದಿ ಹೇಳಿದ: 39.5 ಡಿಗ್ರಿ ಸೆಲ್ಸಿಯಸ್.